ಒಂಬತ್ತು ಪರ್ಸೆಂಟಿನ ಅಳಿಯ

ಅಂಜುಬುರುಕರಲ್ಲಿ ಎರಡು ಬಗೆ. ಅಂಜಿದಾಗ ಬಾಯಿ ಮುಚ್ಚಿಕೊಳ್ಳುವವರು ಒಂದು, ಬಾಯಿ ಮುಚ್ಚಲಾಗದವರು ಇನ್ನೊಂದು. ನಾನು ಎರಡನೆಯ ಬಗೆಯವನು. ಸಾಲದ್ದಕ್ಕೆ, ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದುಕೊಳ್ಳುವ ಚಾಳಿ ಬೇರೆ. ಬಸ್ಸಿನಲ್ಲಾದರೆ ಕಂಬಿ, ಹಲ್ಲಿನ ಡಾಕ್ಟರ ಬಳಿ ಕುರ್ಚಿಯ ಕೈ. ಇಂಥವನಿಗೆ ವಿಜಯಪುರದ ಪಾಲಿಟೆಕ್ನಿಕ್ಕೊಂದರ ಎಲೆಕ್ಟ್ರಾನಿಕ್ಸ್ ಲ್ಯಾಬು ಒಪ್ಪಿಸಿದ್ದಾರೆ. ಅಲ್ಲೊಂದು ಆಡಿಯೋ ಅನಲೈಸರ್ ಇದೆ. ಆಂಪ್ಲಿಫೈಯರಿನಿಂದ ಎಷ್ಟು ವೋಲ್ಟೇಜು ಬರುತ್ತಿದೆ, ಧ್ವನಿ ಎಷ್ಟು ಕೆಟ್ಟಿದೆ ಎಂದು ಅಂಕಿಯಲ್ಲಿ ತೋರಿಸುವ ಪೆಟ್ಟಿಗೆ. ಅದರ ಮುಂದೆ ಕೂತರೆ ಈಗಲೂ ಅಂಗೈ ಬೆವರುತ್ತದೆ. ಆದರೂ ಹೆಂಡತಿಯ ತವರಿನಲ್ಲಿ ಉಣ್ಣುತ್ತ ಕೂತಾಗ ಅದರ ಬಗ್ಗೆ ಕೊಚ್ಚಿಕೊಂಡುಬಿಟ್ಟಿದ್ದೆ.

ನಮ್ಮ ಮಾವನವರು ಬಬಲೇಶ್ವರದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವವರು. ವಿಜಯಪುರದ ಇಬ್ರಾಹಿಂಪುರದಲ್ಲಿ ಅಂಗಡಿ ಇಟ್ಟಿರುವ ಬಾಲ್ಯದ ಗೆಳೆಯ ಬಸಣ್ಣನಿಂದ ಹೊಸ ಆಂಪ್ಲಿಫೈಯರ್ ತಂದು, ತಿಕೋಟಾದಲ್ಲಿ ನಮ್ಮದೇ ಬಳಗದ ಮದುವೆಗೆ ಹಚ್ಚಿದ್ದರು. ಹಾಡುಗಳೆಲ್ಲ ಸೊಗಸಾಗಿಯೇ ಬಂದವು. ಆಯೇರಿ ಕೂಗುವ ಹೊತ್ತಿಗೆ, ಅಂದರೆ ಯಾರು ಏನು ಉಡುಗೊರೆ ಕೊಟ್ಟರೆಂದು ಮೈಕಿನಲ್ಲಿ ಸಾರುವ ಹೊತ್ತಿಗೆ, ಧ್ವನಿ ಹರಿದು ಚಿಂದಿಯಾಯಿತು. ಕೊಡ ಕೊಟ್ಟವರ ಹೆಸರೂ ಕೇಳಲಿಲ್ಲ, ಸೀರೆ ಕೊಟ್ಟವರ ಹೆಸರೂ ಕೇಳಲಿಲ್ಲ. ಬೀಗರು ಮುನಿಸಿಕೊಂಡರು. ಬಸಣ್ಣನನ್ನು ಕೇಳಿದರೆ, “ಮಾಲು ಚಲೋ ಐತಿ, ನಿನ್ನ ಕಿವಿ ಹಳೇವಾಗ್ಯಾವ” ಅಂದನಂತೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಕೊನೆಗೆ ಮಾವನವರು ಆಂಪ್ಲಿಫೈಯರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ನನ್ನ ಲ್ಯಾಬಿಗೇ ಬಂದರು.

“ಅಳಿಯಂದ್ರ, ನಿಮ್ಮ ಮಿಷಿನ್ ಏನ್ ಹೇಳತೈತಿ ಅದ ಖರೇ. ಕೆಟ್ಟೈತಿ ಅಂತಂದ್ರ ಇವತ್ತ ಇದನ್ನ ಅವನ ಮುಂದ ಒಗದು, ಅವನ ಹೊಸ್ತಿಲಾ ತುಳಿಯೂದ ಬಿಡತೇನಿ.”

ನನ್ನ ಜೀವ ಬಾಯಿಗೆ ಬಂತು. ಇಬ್ಬರು ಮುದುಕರ ಸ್ನೇಹ ನನ್ನ ಕೈಯಲ್ಲಿತ್ತು. ಅನಲೈಸರಿನಿಂದ ಒಂದೇ ಸಮನೆ ಕುಂಯ್ ಎನ್ನುವ ಸ್ವರವನ್ನು ಆಂಪ್ಲಿಫೈಯರಿನ ಮೈಕ್ ಕಿಂಡಿಗೆ ಕೊಟ್ಟೆ. ಆ ಕಡೆಯಿಂದ ಬಂದದ್ದನ್ನು ಮತ್ತೆ ಅನಲೈಸರಿಗೆ ಸೇರಿಸಿದೆ. ವೋಲ್ಟೇಜು ಸರಿಯಾಗಿತ್ತು. ಮೈಕ್ ಕಿಂಡಿಯ ವೈರು ಎಲ್ಲಿ ಜಾರೀತೋ ಎಂಬ ಅಂಜಿಕೆಯಿಂದ ಅದರ ತುದಿಯನ್ನು ಬೆರಳಲ್ಲಿ ಒತ್ತಿ ಹಿಡಿದು, ಧ್ವನಿ ಕೆಟ್ಟದ್ದನ್ನು ಅಳೆಯುವ ಡಿಸ್ಟಾರ್ಶನ್ ಗುಂಡಿ ಅದುಮಿದೆ. ಒಂಬತ್ತು ಪರ್ಸೆಂಟು. ಒಂದರೊಳಗಿರಬೇಕಾದದ್ದು ಒಂಬತ್ತು. ಅಂಜಿ ಇನ್ನಷ್ಟು ಒತ್ತಿದೆ, ಹತ್ತಾಯಿತು. ಅಂಜಿಕೆ ಏರಿದಂತೆ ಮಾತೂ ಏರಿ, ಕೆಪಾಸಿಟರು, ಟ್ರಾನ್ಸ್‌ಫಾರ್ಮರು ಅಂತ ತೋಚಿದ್ದನ್ನೆಲ್ಲ ಹೇಳಿದೆ. ಮಾವನವರು ಎದ್ದು ನಿಂತು ಅಂಗಿಯ ತೋಳು ಮಡಚತೊಡಗಿದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ, ನೀರಿತ್ತು.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಜಲನಗರದ ಮನೆಯಿಂದ ಹೆಂಡತಿ. ವೈರು ಬಿಟ್ಟು ಫೋನೆತ್ತಿದೆ.

“ಅಪ್ಪಾ ಮುಂಜಾನಿಂದ ಬರೇ ಚಾದ ಮ್ಯಾಲ ಅದಾನ. ಲಗೂ ಮುಗಸಿ ಉಣ್ಣಾಕ ಕರಕೊಂಡ ಬರ್ರಿ.”

ಹೂಂ ಅನ್ನುತ್ತ ಪರದೆ ನೋಡಿದರೆ ಅರ್ಧ ಪರ್ಸೆಂಟೂ ಇಲ್ಲ. ವೈರು ಜಾರದೆ ತನ್ನ ಪಾಡಿಗೆ ತಾನಿತ್ತು. ಬೆರಳಿಟ್ಟೆ, ಒಂಬತ್ತು. ತೆಗೆದೆ, ಇಳಿಯಿತು. ಗೋಡೆಯೊಳಗಿನ ಕರೆಂಟಿನ ಗುಂಯ್‌ಗುಡುವಿಕೆಯನ್ನು ನನ್ನ ಮೈಯೇ ಹಿಡಿದು ಆ ವೈರಿಗೆ ತುಂಬುತ್ತಿತ್ತು. ಮಕ್ಕಳಿಗೆ ವರ್ಷವೂ ನಾನೇ ಹೇಳುವ ಪಾಠ ಇದು. ಮಾವನವರೂ ನೋಡುತ್ತಲೇ ಇದ್ದರು.

“ಅಂದ್ರ ಇದು ಕೆಟ್ಟಿಲ್ಲ?”

“ಇಲ್ಲರಿ ಮಾವಾರ. ನಾ ಮುಟ್ಟಿದ್ದಕ್ಕ ಹಂಗಾತು.”

ಅವರು ಆಗಲೇ ಬಸಣ್ಣನಿಗೆ ಫೋನು ಹಚ್ಚಿದ್ದರು. “ಬಸ್ಯಾ, ಚಾ ಇಡಾಕ ಹೇಳು, ಬರಾಕತ್ತೇನಿ” ಅಂದರು, ನಿನ್ನೆಯಷ್ಟೇ ಭೇಟಿಯಾಗಿದ್ದವರ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, “ಹಂಗಾದ್ರ ತಿಕೋಟಾದಾಗ ಹರದದ್ದು ಏನ?” ಎಂದು ಕೇಳಿದರು.

ಹೆದರಿಕೆ ಕಳೆದಿತ್ತು, ಬಾಯಿ ಮಾತ್ರ ನಿಂತಿರಲಿಲ್ಲ. “ಅಂಜಿದ ಮನಷ್ಯಾ ಮೈಕ್ ಬಾಯಿಗೆ ಒತ್ತಿ ಹಿಡದು ಒದರಿದ್ರ, ಎಂಥಾ ಆಂಪ್ಲಿಫೈಯರ್ ಇದ್ರೂ” ಎನ್ನುವಷ್ಟರಲ್ಲಿ ನಾಲಿಗೆ ತಡೆಯಿತು. ಓದಿದ ಅಳಿಯನೆಂದು ಅಂದು ಆಯೇರಿ ಕೂಗಲು ನಿಲ್ಲಿಸಿದ್ದು ನನ್ನನ್ನೇ. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.

ಮಾವನವರು ವೈರು ಸುತ್ತಿ, ಆಂಪ್ಲಿಫೈಯರನ್ನು ಕಂಕುಳಿಗೆ ಏರಿಸಿದರು.

“ಮುಂದಿನ ಲಗ್ನದಾಗ ನೀವು ಬಡಸಾಕ ನಿಂದರ್ರಿ, ಅಳಿಯಂದ್ರ” ಅಂದರು. ಬಾಗಿಲ ತನಕ ಹೋದವರು, ಸಾರಿನ ಬಕೀಟನ್ನೂ ನಾನು ಹಾಗೇ ಬಿಗಿಯಾಗಿ ಅಪ್ಪಿ ಹಿಡಿದು ನಿಲ್ಲುವುದು ಕಣ್ಣಿಗೆ ಕಟ್ಟಿತೋ ಏನೋ, ತಿರುಗಿ ನಿಂತರು.

“ಬ್ಯಾಡ, ಉಣ್ಣಾಕ ಕುಂದರ್ರಿ.”