‘ಇಲ್ಲ’ ಮನೆತನದ ಉಗಮ, ಸಂಖ್ಯಾಬಲ ಹಾಗೂ ಕುಮಾರಿ ವನಜಳ ಮದುವೆ ಕುರಿತು

ಮನೆತನ ನಾಮ ಗಣತಿ ಕಚೇರಿ, ಮಡಿಕೇರಿ
ಸಂಖ್ಯೆ: ಮ.ನಾ.ಗ./ಇಲ್ಲ/೭/೫೮–೫೯
ದಿನಾಂಕ: ೯ನೇ ಜೂನ್ ೧೯೫೮

ಉಲ್ಲೇಖ: ಶ್ರೀಮತಿ ಹುಚ್ಚಮ್ಮ, ಜವರಯ್ಯನವರ ಪತ್ನಿ, ಕಚೇರಿಯ ಮೆಟ್ಟಿಲ ಮೇಲೆ ಕುಳಿತು ನೀಡಿದ ಮೌಖಿಕ ದೂರು.

೧. ಕೊಡಗಿನಲ್ಲಿ ಹೆಸರಿಗೆ ಮೊದಲು ಮನೆತನದ ಹೆಸರು ಹೇಳುವ ರೂಢಿಯಿದ್ದು, ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ತರುವಾಯ ಸದರಿ ಹೆಸರುಗಳ ಗಣತಿಯನ್ನು ಕೈಗೊಳ್ಳಲಾಯಿತು. ಭಾಗಮಂಡಲದ ಕಡೆ ಕೆಲಸ ಸುಗಮವಾಗಿ ಮುಗಿಯಿತು. ಕುಶಾಲನಗರದ ಕಡೆ, ಹಾಸನ ಮತ್ತು ಮೈಸೂರು ಜಿಲ್ಲೆಗಳಿಂದ ಬಂದು ನೆಲೆಸಿದ ಬೇಸಾಯಗಾರರನ್ನು ಗಣತಿದಾರ ಕುಶಾಲಪ್ಪನವರು “ಮನೆತನದ ಹೆಸರು?” ಎಂದು ಕೇಳಲಾಗಿ, ಎಲ್ಲರೂ “ಇಲ್ಲ” ಎಂದರು. ಹಾಗೆಯೇ ಬರೆದುಕೊಳ್ಳಲಾಯಿತು.

೨. ತತ್ಪರಿಣಾಮವಾಗಿ ‘ಇಲ್ಲ’ ಮನೆತನವು ಜಿಲ್ಲೆಯಲ್ಲೇ ಅತಿ ದೊಡ್ಡದೆಂದು ಕಂಡುಬಂದಿದೆ. ಮೂಲಪುರುಷ ಯಾರೆಂದು ವಿಚಾರಿಸಲಾಗಿ, ರೈತ ಜವರಯ್ಯನವರು “ಹಂಗೆಲ್ಲ ಯಾರೂ ಇಲ್ಲ ಸ್ವಾಮಿ” ಎಂದು ತಿಳಿಸಿದ್ದು, ಮೂಲಪುರುಷನ ಹೆಸರನ್ನು ‘ಯಾರೂ’ ಎಂದು ದಾಖಲಿಸಲಾಗಿದೆ.

೩. ಜವಾನ ಕಾಳನು ಪಟ್ಟಿಯಲ್ಲಿದ್ದಂತೆ “ಇಲ್ಲ ಜವರಯ್ಯ” ಎಂದು ಕೂಗಿದ್ದರಿಂದ, ಎದುರಿಗೇ ನಿಂತಿದ್ದ ಜವರಯ್ಯನವರನ್ನು ಗೈರುಹಾಜರೆಂದು ಬರೆದುಕೊಂಡು ಮನೆಗೆ ಕಳುಹಿಸಲಾಯಿತು. ಇನ್ನು ಮುಂದೆ “ಇಲ್ಲ ಜವರಯ್ಯ ಇದ್ದಾರೆ” ಎಂದು ಕೂಗತಕ್ಕದ್ದು.

೪. ಒಂದೇ ಮನೆತನದೊಳಗೆ ಹೆಣ್ಣು ಕೊಟ್ಟು ತರುವುದು ಇಲ್ಲಿನ ರೂಢಿಗೆ ವಿರುದ್ಧ. ಜವರಯ್ಯನವರ ಮಗಳು ವನಜ ಹಾಗೂ ಆಕೆಗೆ ಗೊತ್ತಾದ ವರ ಸಣ್ಣಸ್ವಾಮಿ ಇಬ್ಬರೂ ‘ಇಲ್ಲ’ ಆಗಿದ್ದರಿಂದ ಅವರನ್ನು ಅಣ್ಣ ತಂಗಿ ಎಂದು ಪರಿಗಣಿಸಿ, ಚಪ್ಪರ ಹಾಕಿದ ಮೇಲೆ ಮದುವೆಯನ್ನು ತಡೆಹಿಡಿಯಲಾಯಿತು. ವಧು ಊಟ ಬಿಟ್ಟಿರುವುದಾಗಿ ವರದಿಯಾಯಿತು. ವರನು ದಿನವೂ ಕಚೇರಿಯ ಮುಂದೆ ಬಂದು ನಿಂತು ಹೋಗುತ್ತಿದ್ದನು.

೫. ಕೊನೆಗೆ ಹುಚ್ಚಮ್ಮನವರು ಬಸ್ಸು ಹತ್ತಿ ಬಂದು, “ನೀವು ಕೇಳಿದ್ರಿ, ನಾವು ಇಲ್ಲ ಅಂದ್ವಿ. ಇಲ್ಲದ್ದನ್ನ ಇದೆ ಅಂತ ಬರಕೊಂಡು ನಮ್ಮ ಹುಡುಗಿ ಮದುವೆ ನಿಲ್ಲಿಸ್ತೀರಲ್ಲ, ಇದು ಯಾವ ನ್ಯಾಯ?” ಎಂದರು. ಮತ್ತೆ ಕೇಳದೆ ದಾಖಲೆ ತಿದ್ದಲು ನಿಯಮಗಳಲ್ಲಿ ಅವಕಾಶವಿಲ್ಲವೆಂದು ತಿಳಿಸಲಾಯಿತು. “ಹಂಗಾದ್ರೆ ಆ ಹುಡುಗನ್ನ ಇನ್ನೊಂದು ಸಲ ಕೇಳಿ” ಎಂದರು. ಕೇಳಲಾಯಿತು. ಸಣ್ಣಸ್ವಾಮಿಯು ಹುಚ್ಚಮ್ಮನವರ ಮುಖ ನೋಡಿ “ಗೊತ್ತಿಲ್ಲ” ಎಂದನು. ಆದಕಾರಣ ಆತನನ್ನು ‘ಗೊತ್ತಿಲ್ಲ’ ಎಂಬ ಪ್ರತ್ಯೇಕ ಮನೆತನಕ್ಕೆ ಸೇರಿಸಲಾಗಿದೆ. ಉಭಯ ಮನೆತನಗಳ ನಡುವೆ ರಕ್ತಸಂಬಂಧ ಇಲ್ಲ, ಇದ್ದರೆ ಗೊತ್ತಿಲ್ಲ.

೬. ಮದುವೆಗೆ ವಧುವಿನ ಮನೆತನದ ಹಿರಿಯರ ಒಪ್ಪಿಗೆ ಕಡ್ಡಾಯ. ಕೆಳಗೆ ಸಹಿ ಮಾಡಿರುವ ಅಧಿಕಾರಿಯು ಬಯಲುಸೀಮೆಯಿಂದ ವರ್ಗವಾಗಿ ಬಂದವರಾಗಿದ್ದು, ಅವರಿಗೂ ಮನೆತನದ ಹೆಸರು ಇಲ್ಲದಿರುವುದು ಈ ಹಂತದಲ್ಲಿ ಗಮನಕ್ಕೆ ಬಂತು. ದರ್ಜೆಯಲ್ಲಿ ಹಿರಿಯರಾದ ಕಾರಣ ಅವರೇ ಒಪ್ಪಿಗೆ ನೀಡಿ, ಹೊಸ ಪಂಚೆ ಉಟ್ಟು, ಚಪ್ಪರದಲ್ಲಿ ಹೆಣ್ಣಿನ ಕಡೆಯವರಾಗಿ ನಿಂತರು. ಹೆಣ್ಣನ್ನು ಒಪ್ಪಿಸಿಕೊಡುವ ಹೊತ್ತಿನಲ್ಲಿ ಸದರಿ ಅಧಿಕಾರಿಯ ಕಣ್ಣಲ್ಲಿ ನೀರು ಬಂದಿದ್ದು, ಆ ಹೊತ್ತನ್ನು ಕರ್ತವ್ಯದ ಅವಧಿಯೆಂದು ಪರಿಗಣಿಸತಕ್ಕದ್ದೆಂದು ಈ ಮೂಲಕ ಆದೇಶಿಸಲಾಗಿದೆ.

(ಸಹಿ)
ಇಲ್ಲ ಶಿವಶಂಕರಪ್ಪ
ಗಣತಿ ಅಧಿಕಾರಿ

ಪ್ರತಿಗಳು:
ಗಣತಿದಾರ ಕುಶಾಲಪ್ಪನವರಿಗೆ: ಮುಂದಿನ ಆದೇಶದವರೆಗೆ ಯಾರನ್ನೂ ಏನನ್ನೂ ಕೇಳಕೂಡದು.
ಕುಟ್ಟ ಉಪಕಚೇರಿಗೆ: ಅಲ್ಲಿಗೆ ಸಂಬಂಧವಿಲ್ಲ, ಪ್ರತಿ ಒಂದು ಉಳಿದಿತ್ತು.
ಸೌಭಾಗ್ಯವತಿ ಗೊತ್ತಿಲ್ಲ ವನಜಳಿಗೆ, ಗಂಡನ ಮನೆ: ಮೊದಲ ಗೌರಿ ಹಬ್ಬಕ್ಕೆ ಗಂಡನೊಂದಿಗೆ ಈ ಕಚೇರಿಗೆ ತಪ್ಪದೆ ಬಂದು, ಊಟ ಮಾಡಿಕೊಂಡು ಹೋಗತಕ್ಕದ್ದು.