ಗದ್ದುಗೆಗೇರಿದ ಹದಿಮೂರು ಕಂಬಳಿಗಳು

ಸೌಮ್ಯ ಸಂವತ್ಸರದ ಮಾರ್ಗಶಿರ ಮಾಸದಲ್ಲಿ, ಅಂದರೆ ೧೯೦೯ನೆಯ ಇಸವಿಯ ಕೊನೆಯಲ್ಲಿ, ಚಳ್ಳಕೆರೆಯಲ್ಲಿ ಚಳಿ ಇತ್ತು. ಈ ಸಂಗತಿಯನ್ನು ಸಾಹುಕಾರ ಕಲ್ಲೇಶಪ್ಪನವರು ಸಭೆಯ ಮುಂದಿಟ್ಟರು, ಜವಳಿ ಅಂಗಡಿಯ ಜಯದೇವಪ್ಪನವರು ಅನುಮೋದಿಸಿದರು, ಯಾರೂ ವಿರೋಧಿಸಲಿಲ್ಲ. ಹೀಗೆ ಚಳಿಯು ಸರ್ವಾನುಮತದಿಂದ ಅಂಗೀಕಾರವಾದ ಮೇಲೆ 'ನೆರೆಹೊರೆ ಚಳಿ ನಿವಾರಣಾ ಮಿತವ್ಯಯ ಸಂಘ' ಹುಟ್ಟಿತು. ಬೀದಿಯಲ್ಲಿ ಅಕ್ಷರ ದುಂಡಗೆ ಬರೆಯುವವನು ಪಾಠಶಾಲೆಯ ಮೇಷ್ಟ್ರಾದ ನಾನೊಬ್ಬನೇ ಆದ್ದರಿಂದ ಕಾರ್ಯದರ್ಶಿಯ ಕೆಲಸ ನನ್ನ ಕೊರಳಿಗೆ ಬಿತ್ತು.

ಉಳ್ಳವರು ಮನೆಖರ್ಚು ತಗ್ಗಿಸಿ, ಉಳಿದದ್ದರಲ್ಲಿ ಕಂಬಳಿ ಕೊಂಡು, ನಡುಗುವ ನೆರೆಯವರಿಗೆ ಹೊದಿಸಬೇಕು ಎಂಬುದು ಸಂಘದ ಮೊದಲನೆಯ ನಿಯಮ. ಕಂಬಳಿಯನ್ನು ಅಧ್ಯಕ್ಷರಾದ ಕಲ್ಲೇಶಪ್ಪನವರ ಅಂಗಡಿಯಲ್ಲೇ ಕೊಳ್ಳಬೇಕು ಎಂಬುದು ಎರಡನೆಯದು. ದೂರದ ಅಂಗಡಿಗೆ ನಡೆದರೆ ಚಪ್ಪಲಿ ಸವೆದು ಖರ್ಚು ಹೆಚ್ಚುತ್ತದೆ.

ಮಿತವ್ಯಯವನ್ನು ಅಧ್ಯಕ್ಷರು ತಮ್ಮ ಮನೆಯಿಂದಲೇ ಆರಂಭಿಸಿದ್ದು ಅವರ ದೊಡ್ಡತನ. ತುಪ್ಪವನ್ನು ವೈದ್ಯರು ಹೇಳಿದ್ದರು, ಬಿಡುವಂತಿರಲಿಲ್ಲ. ನಶ್ಯ ಇಲ್ಲದಿದ್ದರೆ ಅವರಿಗೆ ಬಡವರ ಯೋಚನೆಯೇ ಬರುತ್ತಿರಲಿಲ್ಲ. ಹೆಂಡತಿ ವೀರಮ್ಮನವರ ಮೊಳಕಾಲ್ಮೂರು ಸೀರೆಗಳು ಖರ್ಚಿನ ಬಾಬಿಗೆ ಸೇರದೆ ಮರ್ಯಾದೆಯ ಬಾಬಿಗೆ ಸೇರಿದ್ದವು. ಮನೆಯೆಲ್ಲ ಹುಡುಕಿದ ಮೇಲೆ ಖರ್ಚು ಕೊನೆಗೆ ದನದ ಕೊಟ್ಟಿಗೆಯಲ್ಲಿ ಸಿಕ್ಕಿತು. ಅದರ ಹೆಸರು ನಿಂಗಕ್ಕ. ಪಕ್ಕದ ಗುಡಿಸಲಿನವಳು, ಎಂಟು ವರ್ಷದಿಂದ ಆ ಮನೆಯ ಸಗಣಿ ಬಾಚಿ ನವಣೆ ಕುಟ್ಟುತ್ತಿದ್ದಳು. ಅದಕ್ಕೆ ದಿನವೂ ಒಂದಿಷ್ಟು ಜೋಳ, ಪ್ರತಿ ವರ್ಷ ಕಾರ್ತಿಕ ಕಳೆದ ಮೇಲೆ ಮನೆಯವರು ಹೊದ್ದು ಬಿಟ್ಟ ಹಳೆಯ ಕಂಬಳಿಯೊಂದು ಸಿಗುತ್ತಿತ್ತು.

"ನಾಳೆಯಿಂದ ಬರಬ್ಯಾಡ ನಿಂಗಿ," ಎಂದರು ವೀರಮ್ಮನವರು. "ಖರ್ಚು ಕಡಿಮೆ ಮಾಡ್ತಾ ಇದೀವಿ."

"ಯಾಕ್ರವ್ವಾ, ಮನೇಲಿ ಏನಾರ ಕಷ್ಟ ಬಂತಾ?"

"ನಮಗೇನು ಕಷ್ಟ? ಅಕ್ಕಪಕ್ಕದ ಬಡವರು ಚಳೀಲಿ ನಡುಗ್ತಾವ್ರೆ. ಅವರಿಗೆ ಸಹಾಯ ಆಗ್ಲಿ ಅಂತ."

"ಒಳ್ಳೇದಾಗ್ಲಿ ಬಿಡ್ರವ್ವಾ," ಎಂದಳು ನಿಂಗಕ್ಕ. ಅಂಗಳ ದಾಟಿದವಳು ತಿರುಗಿ ನಿಂತು ಕೇಳಿದಳು: "ನಮ್ಮವ್ವಗೆ ಈ ಸಲದ ಹಳೇ ಕಂಬಳಿ?"

"ಅದನ್ನೂ ಉಳಿಸೀವಿ."

ಉಳಿದ ಮನೆಗಳೂ ಅಧ್ಯಕ್ಷರ ಮೇಲ್ಪಂಕ್ತಿಯನ್ನು ಅನುಸರಿಸಿದವು. ವಾರದೊಳಗೆ ನಿಂಗಕ್ಕನೂ ಸೇರಿ ಹನ್ನೊಂದು ಆಳುಗಳು ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಸಂಘ ಹುಟ್ಟಿದ್ದು ಎಷ್ಟು ಸಕಾಲಿಕ ಎಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಮೊದಲು ನಮ್ಮ ಬೀದಿಯಲ್ಲಿ ನಡುಗುತ್ತಿದ್ದವಳು ನಿಂಗಕ್ಕನ ಮುದಿ ತಾಯಿ ಸೂರಮ್ಮ ಒಬ್ಬಳೇ. ಈಗ ಹನ್ನೆರಡು ಜನ.

ಸೂರಮ್ಮನಿಗೆ ಕೆಮ್ಮು. ಹೊದೆಯಲು ಇದ್ದದ್ದು ಹಿಂದಿನ ವರ್ಷದ ಕಂಬಳಿ, ಎತ್ತಿ ಹಿಡಿದರೆ ಆಚೆಯ ಬೀದಿ ಕಾಣುತ್ತಿತ್ತು. ಅದರ ನಡುವೆ ಅಜ್ಜಿ ತಾನೇ ಕೆಂಪು ತೇಪೆ ಹಾಕಿದ್ದಳು. ತಾಯಿಯ ಪರವಾಗಿ ನಿಂಗಕ್ಕ ಸಂಘಕ್ಕೆ ಬಂದಳು. ಸಹಾಯ ಪಡೆಯುವವರೂ ಮಿತವ್ಯಯ ಮಾಡಿರಬೇಕು ಎಂಬ ಮೂರನೆಯ ನಿಯಮದಂತೆ ನಾನು ವಿಚಾರಣೆ ನಡೆಸಿದೆ.

"ನಿಮ್ಮನೇಲಿ ಏನು ಖರ್ಚು ಕಡಿಮೆ ಮಾಡಿದೀರಿ?"

"ರಾತ್ರಿ ಉಣ್ಣಾದು ಬಿಟ್ಟೀವಿ ಮೇಷ್ಟ್ರೇ."

"ಯಾವಾಗಿಂದ?"

"ಸಾವ್ಕಾರ್ರು ಖರ್ಚು ಕಡಿಮೆ ಮಾಡ್ದಾಗಿಂದ."

ಕಲ್ಲೇಶಪ್ಪನವರು ಹೆಮ್ಮೆಯಿಂದ ತಲೆದೂಗಿದರು. "ನೋಡ್ರೀ ಮೇಷ್ಟ್ರೇ, ನಮ್ಮನ್ನ ನೋಡಿ ಜನ ಎಷ್ಟು ಬೇಗ ಕಲೀತಾರೆ!" ಸೂರಮ್ಮನ ಹೆಸರು ಪಟ್ಟಿಯ ತಲೆಗೇ ಬಂತು.

ಹನ್ನೆರಡು ಹೊಸ ಕಂಬಳಿಗಳನ್ನು ಹಂಚುವ ದಿನ ಸರ್ಕಾರದ ದೊಡ್ಡ ಸಾಹೇಬರೊಬ್ಬರು ದಯಮಾಡಿಸಿದರು. ಗುಮಾಸ್ತರು, ಜವಾನರು, ಅಡಿಗೆಯವನು ಸೇರಿ ಬಂದವರು ಹದಿಮೂರು ಜನ. ಗೌರವಸ್ಥರು ಬಂದರೆ ಕರಿ ಕಂಬಳಿ ಹಾಸಿ ಗದ್ದುಗೆ ಮಾಡಿ ಕೂರಿಸುವುದು ನಮ್ಮ ಸೀಮೆಯ ಪದ್ಧತಿ. "ಬರೀ ನೆಲದ ಮೇಲೆ ಕೂರ್ಸಿದ್ರೆ ಊರ ಮಾನ ಏನಾಗ್ಬೇಕು?" ಎಂದು ಊರ ಯಜಮಾನ ಬೊಮ್ಮಲಿಂಗಪ್ಪ ಗದರಿದ ಮೇಲೆ ಹನ್ನೆರಡನ್ನೂ ಹಾಸಿದೆವು. ಅಡಿಗೆಯವನಿಗೆ ಒಂದು ಕಡಿಮೆ ಬಿತ್ತು. ಕಲ್ಲೇಶಪ್ಪನವರ ಅಂಗಡಿಯ ಬೀಗದ ಕೈ ಅವರ ಸೊಂಟದಲ್ಲೇ ತೂಗುತ್ತಿತ್ತು, ಆದರೆ ಅಧ್ಯಕ್ಷರ ಸೊಂಟದ ಕಡೆ ನೋಡುವುದು ಸಭ್ಯತೆಯಲ್ಲ. ಹತ್ತಿರದ ಮನೆಗೆ ನನ್ನನ್ನು ಓಡಿಸಿದರು. ಹತ್ತಿರದ ಮನೆ ಸೂರಮ್ಮನದು.

"ಒಂದು ಗಳಿಗೆ ಕೊಡಜ್ಜಿ. ಸಭೆ ಮುಗೀತಿದ್ದಂಗೆ ಹೊಸದೇ ಬರುತ್ತೆ," ಎಂದೆ. ಅಜ್ಜಿ ಮೈಮೇಲಿಂದ ತೆಗೆದು ಕೊಟ್ಟಳು. ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಸಂಘದ ಪುಸ್ತಕದಲ್ಲಿ ಅದನ್ನು ಬರೆಯಲು ಜಾಗವಿಲ್ಲದ್ದರಿಂದ ಇಲ್ಲಿ ಬರೆದಿದ್ದೇನೆ.

ಚಳಿಯನ್ನು ಕುರಿತು ಸಾಹೇಬರು ಎರಡು ಗಂಟೆ ಮಾತಾಡಿ ಬೆವರೊರೆಸಿಕೊಂಡು ಎದ್ದರು. ಕಲ್ಲೇಶಪ್ಪನವರು ಮೊದಲ ಕಂಬಳಿಯನ್ನು ಸೂರಮ್ಮನ ಹೆಸರಿಗೆ ಎತ್ತಿಕೊಂಡರು. ಆಗ ಬೊಮ್ಮಲಿಂಗಪ್ಪ ಕೈಯೆತ್ತಿ ತಡೆದ.

"ನಿಲ್ಲಿ ಸಾವ್ಕಾರ್ರೇ! ಗದ್ದುಗೆ ಆಗಿದ್ದನ್ನ ಹೊದೆಯಾಕೆ ಕೊಡ್ತೀರಾ? ದೊಡ್ಡೋರು ಕುಂತಿದ್ದು. ಹೊದ್ದೋರಿಗೆ ಕೇಡು, ಊರಿಗೂ ಕೇಡು."

"ಒಂದರ ಮೇಲೆ ಅಡಿಗೆಯವನು ಕೂತಿದ್ದ," ಎಂದೆ ನಾನು.

"ಯಾರ ಅಡಿಗೆಯೋನು? ಸರ್ಕಾರದೋನು!"

ಪದ್ಧತಿಯ ಮೇಲೆ ಜನರಿಗಿದ್ದ ಗೌರವ ಕಂಡು ಸಾಹೇಬರು ಸಂತೋಷಪಟ್ಟು ಸಂಘದ ಪುಸ್ತಕಕ್ಕೆ ಸಹಿ ಹಾಕಿದರು. ಹದಿಮೂರು ಗದ್ದುಗೆಗಳನ್ನು ತೇಗದ ಪೆಟ್ಟಿಗೆಯಲ್ಲಿಡುವುದು, ನುಸಿ ಹಿಡಿಯದಂತೆ ದಿನವೂ ಬೇವಿನ ಸೊಪ್ಪಿನ ಹೊಗೆ ಹಾಕುವುದು, ಕೈ ಬಿಡುವಾಗಿರುವ ನಿಂಗಕ್ಕನಿಗೆ ಆ ಸೇವೆಯನ್ನು ಪುಕ್ಕಟೆಯಾಗಿ ವಹಿಸುವುದು ಎಂದು ತೀರ್ಮಾನವಾಯಿತು. ನೆರೆದಿದ್ದ ಬಡವರಿಗೆ 'ಚಳಿ ನಿವಾರಣೆಯಾಗಿದೆ' ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದೆವು.

ಮರುದಿನ ನಿಂಗಕ್ಕ ಬಂದಳು. "ಹೊಸದು ಬ್ಯಾಡ ಮೇಷ್ಟ್ರೇ. ನಮ್ಮವ್ವನ ಹಳೇದನ್ನ ಕೊಟ್ಬಿಡ್ರಿ. ಕೆಮ್ಮು ನಿಲ್ತಾ ಇಲ್ಲ."

ಅರ್ಜಿಯನ್ನು ಸಭೆಯ ಮುಂದಿಟ್ಟೆ. ಇದ್ದೊಂದು ಕಂಬಳಿಯನ್ನೂ ಕೊಟ್ಟಿರುವುದರಿಂದ ಸೂರಮ್ಮನವರು ಸಂಘದ ಮಹಾದಾನಿಗಳು, ದಾನಿಗಳಿಗೆ ಸಹಾಯ ನೀಡಲು ನಿಯಮದಲ್ಲಿ ಅವಕಾಶವಿಲ್ಲ, ಆದ್ದರಿಂದ ಅವರ ಹೆಸರನ್ನು ಬಡವರ ಪಟ್ಟಿಯಿಂದ ಗೌರವಪೂರ್ವಕವಾಗಿ ತೆಗೆಯಲಾಗಿದೆ ಎಂದು ಉತ್ತರ ಬರೆಯಿಸಿದರು. ಬರೆದವನು ನಾನೇ. ಅಕ್ಷರ ದುಂಡಗೇ ಇತ್ತು.

ಬನದ ಹುಣ್ಣಿಮೆಯ ಬೆಳಗ್ಗೆ ಗದ್ದುಗೆಗಳಿಗೆ ಪೂಜೆ ಇಟ್ಟುಕೊಂಡೆವು. ಮಹಾದಾನಿಗಳನ್ನು ನಿಂಗಕ್ಕ ತೋಳು ಹಿಡಿದು ಕರೆತಂದಳು. ಮೈಮೇಲೆ ಒಂದು ತೆಳು ಸೀರೆ. ಪೇರಿಸಿಟ್ಟ ಕಂಬಳಿಗಳ ತುದಿಯಲ್ಲಿ ಕೆಂಪು ತೇಪೆ ಕಂಡು ಅಜ್ಜಿಯ ಕೈ ತಾನಾಗಿ ಮುಂದೆ ಹೋಯಿತು. "ಅದು ನಂದು," ಎಂದಳು. ಬೊಮ್ಮಲಿಂಗಪ್ಪ ಕೆಮ್ಮಿದ. ಅಜ್ಜಿ ಮುಂದೆ ಚಾಚಿದ ಕೈಯನ್ನು ಇನ್ನೊಂದು ಕೈಗೆ ಸೇರಿಸಿ, ತನ್ನ ಕಂಬಳಿಗೇ ಮುಗಿದಳು. ಮೂಡಲ ಗಾಳಿ ಬೀಸುತ್ತಿತ್ತು. ಅವಳು ಅಡಿಯಿಂದ ಮುಡಿಯವರೆಗೆ ನಡುಗುತ್ತಿದ್ದಳು.

"ನೋಡ್ರೀ, ಭಕ್ತಿಗೆ ಮೈಯೆಲ್ಲ ಹೆಂಗೆ ನಡುಗ್ತೈತೆ!" ಎಂದು ಕಲ್ಲೇಶಪ್ಪನವರು ಕಣ್ಣೊರೆಸಿಕೊಂಡರು. ಎಲ್ಲರೂ ಕೈಮುಗಿದರು.

ನಿಂಗಕ್ಕ ನನ್ನ ಮುಖ ನೋಡಿದಳು. ನಾನು ಪುಸ್ತಕ ತೆರೆದು, 'ಭಕ್ತಿಯಿಂದ ನಡುಗಿದವರು: ಒಬ್ಬರು' ಎಂದು ಬರೆದೆ. ಆಮೇಲೆ ಅವಳೂ ಸೇರಿ ಅಲ್ಲಿ ನಿಂತಿದ್ದ ಹನ್ನೊಂದು ಆಳುಗಳ ಕಡೆ ಕಣ್ಣು ಹೋಯಿತು. ತಪ್ಪು ಲೆಕ್ಕ ಬರೆಯಬಾರದೆಂದು 'ಒಬ್ಬರು' ಎಂಬುದನ್ನು ಹೊಡೆದು, 'ಹನ್ನೆರಡು ಮಂದಿ' ಎಂದು ತಿದ್ದಿದೆ.