ಬೀಗರ ಬಾಕ್ಸಿಂಗು

ಮಕ್ಕಳೇ ಚೈತ್ರಾ, ಮನೋಜಾ, ನಮ್ಮೂರು ತಾಳ್ಯದ ಸುತ್ತಮುತ್ತಲಿನ ಮುದುಕರನ್ನೆಲ್ಲ ಹೊಡೆದಾಟಕ್ಕೆ ಹಚ್ಚಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಯುವವನು ಲೋಕಕ್ಕೆ ಒಬ್ಬನೇ ಇದ್ದಾನು. ಅವನು ನಮ್ಮ ಮನೆಯಲ್ಲೇ ಹುಟ್ಟಬೇಕೆ! ನಿಮ್ಮ ಚಿಕ್ಕಜ್ಜ, ಅಂದರೆ ನನ್ನ ಮೈದುನ.

ಮಿಲಿಟರಿಯಲ್ಲಿ ಬಾಕ್ಸಿಂಗ್ ಕಲಿತವನು ರಿಟೈರಾಗಿ ಬರುವಾಗ ಎರಡು ಜೊತೆ ಗ್ಲೌಸು, ಒಂದು ಕ್ಯಾಮೆರಾ ತಂದ. "ವಯಸ್ಸಾದೋರ ಫೋಟೊ ಅಂದ್ರೆ ಪಿಂಚಣಿ ಅರ್ಜಿಗೆ ಅಂಟ್ಸಾಕಷ್ಟೇನಾ ಅತ್ತಿಗೆಮ್ಮ? ಒಳಗೆ ಕಸುವು ಐತಲ್ಲ, ಅದು ಕಾಣ್ಬೇಕು!" ಎಂದ. ನಾನು ಯಾವತ್ತು ಎದುರು ಮಾತಾಡಿದವಳು? ಚಹಾ ಕೊಟ್ಟೆ.

ಬೆಳಗಾದರೆ ನಮ್ಮ ಕಣದಲ್ಲಿ ಕುರಿ ಕಾಯುವ ಹಿರಿಯರು ಪೇಟ ಸುತ್ತಿ, ಗ್ಲೌಸು ತೊಟ್ಟು ನಿಲ್ಲುತ್ತಿದ್ದರು. ಆ ಗತ್ತು ನೋಡಬೇಕಿತ್ತು! ಆದರೆ ಹೊಡೆಯುವುದು ಹೇಗೆ? ಎದುರಿಗಿದ್ದವನು ಬೀಗನೋ ಸೋದರಮಾವನೋ ಆಗಿರುತ್ತಿದ್ದ. ಗುದ್ದು ತಾಗಿದ ಕೂಡಲೇ, ಕಾಲು ತಾಗಿದಾಗ ಮಾಡುತ್ತೇವಲ್ಲ, ಹಾಗೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು!

"ತಪ್ಪಾತು ಮಾವ, ಜೋರಾಗಿ ಬಿತ್ತೇನ್ರಿ?"

"ಇಲ್ಲ ಬಿಡಪ್ಪ. ಈಗ ನಾನು ಹೊಡೀಲಾ?"

"ಹೊಡೀರಿ, ಹೊಡೀರಿ. ನಿಮ್ ಕೈಯಾಗೆ ತಿನ್ನಾದೂ ಪುಣ್ಯ!"

ಚಿಕ್ಕಜ್ಜ ತಲೆ ಚಚ್ಚಿಕೊಂಡ. "ಇದು ಬಾಕ್ಸಿಂಗಾ, ಬೀಗ್ರೂಟಾನಾ?" ರಾಶಿ ಫೋಟೊ ತೆಗೆದರೂ ಒಂದರಲ್ಲೂ ಗುದ್ದಿಲ್ಲ.

ಆ ವರ್ಷವೇ ನಿಮ್ಮ ಅಜ್ಜನಿಗೆ ಲಕ್ವ ಹೊಡೆದು ಬಲಗೈ ಸೋತಿತು. ಅದನ್ನು ಹೆಗಲ ಮೇಲಿನ ವಲ್ಲಿಯಡಿ ಮುಚ್ಚಿಕೊಂಡು ಒಳಗೇ ಕೂತರು. ಇನ್ನು ಹೊಸ್ತಿಲು ದಾಟುವುದೇ ಇಲ್ಲವೇನೋ ಎಂದು ನನಗೆ ಹೆದರಿಕೆ. ಚಿಕ್ಕಜ್ಜ ದಿನವೂ ಬಂದು ಆ ಕೈಗೆ ಗ್ಲೌಸು ಹಾಕಿ, "ಎತ್ತಣ್ಣ" ಎನ್ನುವನು. ಏಳುತ್ತಿದ್ದದ್ದು ಬೈಗುಳ ಮಾತ್ರ! ಮೂರು ತಿಂಗಳಿಗೆ ಮೊಣಕೈ ಮಡಚಿತು. ಐದಕ್ಕೆ ತೋಳು ಎದ್ದಿತು.

ಒಂದು ಬೆಳಿಗ್ಗೆ ಅಣ್ಣನನ್ನು ಕಣಕ್ಕೆ ಕರೆತಂದು ತಾನೇ ಎದುರು ನಿಂತ. ಕ್ಯಾಮೆರಾ ನನ್ನ ಕೈಗೆ! "ಇದನ್ನ ಒತ್ರಿ ಅತ್ತಿಗೆಮ್ಮ, ಅಷ್ಟೇ" ಎಂದವನು ಅಣ್ಣನನ್ನು ಕೆಣಕಿದ. "ನಿನ್ ಕೈಲಿ ಆಗಲ್ಲ ಬಿಡಣ್ಣ."

"ಆಗಲ್ಲ ಅಂತೀಯೇನಲೇ?"

ಗುದ್ದು ದವಡೆಗೇ ಬಿತ್ತು! ಹಿರಿಯಣ್ಣ ತಮ್ಮನಿಗೆ ಹೊಡೆದರೆ ಯಾರ ಕ್ಷಮೆ ಕೇಳಬೇಕು? ಚಾಚಿದ ಕೈ ಕಣ್ಣಿಗೊತ್ತಲು ಹಿಂದೆ ಬಾರದೆ ಚಾಚಿದ ಹಾಗೇ ಇತ್ತು. ನಾನು ಗುಂಡಿ ಒತ್ತಿದೆ.

ಫೋಟೊ ಸೊಟ್ಟಗೆ ಬಂದಿದೆ, ಚಿಕ್ಕಜ್ಜನ ಅರ್ಧ ತಲೆ ಮಾಯ. ನಿಮ್ಮ ಅಜ್ಜನ ಬಲಗೈ ಮಾತ್ರ ನೆಟ್ಟಗಿದೆ.

ಚಿಕ್ಕಜ್ಜ ದವಡೆ ಹಿಡಿದು ಮಣ್ಣಲ್ಲಿ ಕೂತು ಅಳುತ್ತಿದ್ದ. ಅಜ್ಜ ಅದೇ ಕೈ ಕೊಟ್ಟು ಎಬ್ಬಿಸಲು ನೋಡಿದರು. ಅಷ್ಟು ಬಲ ಬಂದಿರಲಿಲ್ಲ. ತಾವೂ ಪಕ್ಕದಲ್ಲೇ ಕುಸಿದು ಕೂತು, ತಮ್ಮನ ತಲೆಯನ್ನು ಎದೆಗೆ ಒತ್ತಿಕೊಂಡರು. ಅದರ ಫೋಟೊ ಇಲ್ಲ ಮಕ್ಕಳೇ. ನನ್ನ ಕಣ್ಣು ಮಂಜಾಗಿ ಒತ್ತುವುದೇ ಮರೆತೆ. ಇರುವುದು ನಾನು ನಿಮಗೆ ಬರೆದ ಈ ಹಾಳೆಗಳಲ್ಲಿ ಮಾತ್ರ. ಜೋಪಾನ.